ನಾಲ್ಕು ಗಂಟೆಯ ಗೆರೆ

ಮುಳಗುಂದದ ಆ ಮನೆಗೆ ಸಾಮಾನು ಇಳಿಸಿದ ದಿನ ಮನೆಯೊಡತಿ ನೀಲವ್ವ ಮೊದಲು ನೋಡಿದ್ದು ನನ್ನ ಮಂಚವನ್ನು. ಬಗ್ಗಿ, ಅದರ ಕಾಲಿನ ಎತ್ತರವನ್ನು ಗೇಣು ಹಾಕಿ ಅಳೆದರು. ಸಾಲದೆಂಬಂತೆ ತಲೆಯಾಡಿಸಿ, ಹಿತ್ತಲಿನಿಂದ ನಾಲ್ಕು ಚಪ್ಪಟೆ ಕಲ್ಲು ತರಿಸಿ ಒಂದೊಂದು ಕಾಲಿನ ಕೆಳಗೆ ಒಂದೊಂದು ಇಡಿಸಿದರು.

"ನೆಲದ ಮ್ಯಾಲ ಯಾವತ್ತೂ ಮಲಗಬ್ಯಾಡ್ರಿ ಅಕ್ಕೋರ," ಎಂದರು. "ಬ್ಯಾಸಗಿ ಎಷ್ಟ ಇದ್ರೂ ಸೈತ."

ಅಕ್ಕೋರು ಎಂದರೆ ಇಲ್ಲಿ ಪಾಠ ಹೇಳುವ ಹೆಂಗಸು. ಚೇಳಿನ ಭಯವಿರಬೇಕೆಂದುಕೊಂಡು ನಾನು ಒಪ್ಪಿದೆ. ಎರಡು ದಿನ ಬಿಟ್ಟು ಗಮನಿಸಿದರೆ ಆ ಮನೆಯ ಎಲ್ಲ ಮಂಚಗಳೂ ಕಲ್ಲಿನ ಮೇಲೆಯೇ ನಿಂತಿದ್ದವು. ಬೆಕ್ಕು ಕೂಡ ನೆಲದಲ್ಲಿ ಮಲಗುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೋ ಮೂಟೆಗಳ ಮೇಲೋ ಸುರುಳಿ ಸುತ್ತಿಕೊಂಡಿರುತ್ತಿತ್ತು.

ನಾನು ಕುಂದಾಪುರದ ಹತ್ತಿರದ ಒಂದು ಬಂದರಿನವಳು. ಅಪ್ಪಯ್ಯ ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾರೆ. ಗದಗಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ, ಜೊತೆಗೆ ಸಂಶೋಧನೆ ಮಾಡುವ ಕೆಲಸ ಸಿಕ್ಕಿತೆಂದು ಘಟ್ಟ ಹತ್ತಿ ಬಂದೆ. ಗದಗ-ಬೆಟಗೇರಿಯಲ್ಲಿ ಮೂರು ವಾರ ಮನೆ ಹುಡುಕಿದೆ. ಎಲ್ಲ ಕಡೆಯೂ ಕೂರಿಸಿ ಚಹಾ ಕೊಟ್ಟರು, ಒಬ್ಬಳೇ ಇರುವುದಾ ಎಂದು ಕೇಳಿದರು, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದರು. ಯಾರೂ ತಿಳಿಸಲಿಲ್ಲ. ಕೊನೆಗೆ ಪ್ರಯೋಗಾಲಯದ ಸಹಾಯಕ ಬಸಪ್ಪ ತನ್ನೂರು ಮುಳಗುಂದದಲ್ಲಿ ಒಂದು ಮನೆಯ ಅರ್ಧ ಭಾಗ ಖಾಲಿಯಿದೆ ಎಂದ. ಬಾಡಿಗೆ ಕಡಿಮೆ, ಬಸ್ಸಿಗೆ ಒಂದು ತಾಸೂ ಬೇಡ. ಆದರೆ ಯಾಕೆ ಖಾಲಿಯಿದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಬೇಕಿತ್ತು ಎನ್ನಿಸಿದ್ದು ಲಕ್ಷ್ಮೇಶ್ವರದ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿ ಇರುತ್ತೀರಿ ಎಂದು ವಿಚಾರಿಸಿದಳು. ನೀಲವ್ವನ ಮನೆ ಎಂದೆ. ಮುಂಭಾಗದಲ್ಲಾ, ಹಿಂದಿನ ಖೋಲಿಯಲ್ಲಾ ಎಂದಳು. ಖೋಲಿ ಎಂದರೆ ಕೋಣೆ. ಮುಂಭಾಗದಲ್ಲಿ ಎಂದೆ. ಒಳ್ಳೇದಾಯಿತು ಎಂದು ಕಿಟಕಿಯ ಕಡೆ ತಿರುಗಿದವಳು ಇಳಿಯುವ ತನಕ ಇತ್ತ ನೋಡಲಿಲ್ಲ.

ನಾನು ಕನ್ನಡದಿಂದ ಕನ್ನಡಕ್ಕೆ ಬಂದಿದ್ದೆ. ಆದರೂ ಮೊದಲ ತಿಂಗಳು ಅರ್ಧ ಮಾತು ತಪ್ಪಿಹೋಗುತ್ತಿತ್ತು. ನಮ್ಮಲ್ಲಿ ಮಾತು ಗಂಟಲಿನಲ್ಲಿಯೇ ಕತ್ತರಿಸಿ ಬೀಳುತ್ತದೆ, ಇಲ್ಲಿ ಎಲ್ಲ ಮಾತಿಗೂ ಒಂದು 'ರಿ' ಸೇರಿ ಬಾಗಿ ಬರುತ್ತದೆ. ಅದಕ್ಕಿಂತ ಕಷ್ಟವಾದದ್ದು ಗಾಳಿ. ನಮ್ಮೂರಿನ ಗಾಳಿಯಲ್ಲಿ ಉಪ್ಪು, ಮೀನು, ಒದ್ದೆ ಹಗ್ಗ, ಡೀಸೆಲ್ಲು ಎಲ್ಲ ಇರುತ್ತವೆ. ಕಣ್ಣು ಮುಚ್ಚಿ ನಿಂತರೂ ಎಲ್ಲಿದ್ದೇನೆಂದು ಗೊತ್ತಾಗುತ್ತದೆ. ಮುಳಗುಂದದ ಗಾಳಿ ಒಣ ಬಟ್ಟೆಯಂತೆ ಮುಖ ಒರೆಸಿಕೊಂಡು ಹೋಗುತ್ತದೆ, ವಾಸನೆಯನ್ನೇನೂ ಬಿಡುವುದಿಲ್ಲ. ಮೊದಮೊದಲು ಅಂಗಳದಲ್ಲಿ ನಿಂತಾಗ, ಏನೂ ಇಲ್ಲದ ಕಡೆ ನಿಂತಂತಾಗುತ್ತಿತ್ತು.

ನೀಲವ್ವನಿಗೆ ಅರವತ್ತರ ಆಸುಪಾಸು. ಬೆಳಗಾದರೆ ಐದು ಜನ ಹೆಂಗಸರು ಬಂದು ಪಡಸಾಲೆಯಲ್ಲಿ ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಣಗಿಸಿದ ಖಡಕ್ ರೊಟ್ಟಿ ಗದಗ, ಶಿರಹಟ್ಟಿ, ಮುಂಡರಗಿಯ ಖಾನಾವಳಿಗಳಿಗೆ ಹೋಗುತ್ತಿತ್ತು. ಅನ್ನ ಬಿಟ್ಟರೆ ಹೊಟ್ಟೆ ತುಂಬದ ನನಗೆ ಅವರು ರೊಟ್ಟಿ ಮುರಿಯುವುದನ್ನು, ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಎಣ್ಣೆ ಹಾಕಿ ಕಲಸುವುದನ್ನು ಕಲಿಸಿದರು. ನಾನು ಬಡಿದ ಮೊದಲ ರೊಟ್ಟಿ ಹರಿಯದೆ ಹಂಚಿಗೆ ಬಿದ್ದ ದಿನ ಐವರೂ ಕೆಲಸ ನಿಲ್ಲಿಸಿ ನೋಡಿದರು. ಈ ಊರಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ಒಂದು ದಿನ ನೀಲವ್ವ, ಕಾಲೇಜಿನಲ್ಲಿ ಪಾಠ ಬಿಟ್ಟು ಬೇರೆ ಏನು ಮಾಡುತ್ತೀರಿ ಎಂದು ಕೇಳಿದರು. ಆದಷ್ಟು ಸರಳವಾಗಿ ಹೇಳಲು ನೋಡಿದೆ. ನಿಮಗೂ ಹಾಗೆಯೇ ಹೇಳುತ್ತೇನೆ.

ಗ್ರ್ಯಾಫೀನ್ ಎಂದರೆ ಇಂಗಾಲದ ಹಾಳೆ. ಒಂದೇ ಒಂದು ಪರಮಾಣುವಿನಷ್ಟು ತೆಳು. ಪೆನ್ಸಿಲ್ಲಿನ ಕಡ್ಡಿಯೆಂದರೆ ಇಂಥ ಹಾಳೆಗಳನ್ನು ಒಂದರ ಮೇಲೊಂದು ಒಟ್ಟಿದ ರಾಶಿಯೇ. ಆ ಹಾಳೆಯ ಮೇಲೆ ತವರದ ಆಕ್ಸೈಡಿನ ಕಣಗಳನ್ನು ಕೂರಿಸುವುದು ನನ್ನ ಕೆಲಸ. ಒಂದು ಕೂದಲಿನ ಅಗಲದಲ್ಲಿ ಸಾವಿರಾರು ಸಾಲಾಗಿ ನಿಲ್ಲುವಷ್ಟು ಸಣ್ಣ ಕಣಗಳು, ನ್ಯಾನೊ ಕಣಗಳು. ಲೋಪವಿಲ್ಲದ ಹಾಳೆ ಯಾವ ಕಣವನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಅದರ ಪ್ರತಿ ಪರಮಾಣುವೂ ಅಕ್ಕಪಕ್ಕದವುಗಳ ಜೊತೆ ಕೈ ಕೂಡಿಸಿ ಮುಗಿಸಿರುತ್ತದೆ. ಕಣ ಬಂದು ಕೂತರೂ ತೆಳು ಸೆಳೆತದಲ್ಲಿ ಕೂತಿರುತ್ತದೆ, ಬಿಸಿ ತಾಗಿದರೆ ಜಾರಿ ಇನ್ನೊಂದು ಕಣಕ್ಕೆ ಅಂಟಿ ಗಂಟಾಗುತ್ತದೆ. ಆದ್ದರಿಂದ ಹಾಳೆಯನ್ನು ಮೊದಲು ಗಾಯ ಮಾಡಬೇಕು. ಕಟುವಾದ ಆಮ್ಲಗಳಲ್ಲಿ ಹಾಕಿದರೆ ಅಲ್ಲಲ್ಲಿ ತೂತು ಬೀಳುತ್ತದೆ, ಅಂಚು ಹರಿಯುತ್ತದೆ, ಹಾಳೆಯ ಮೇಲೆಲ್ಲ ಆಮ್ಲಜನಕ ಬಂದು ಸೇರುತ್ತದೆ. ಆಮೇಲೆ ತವರದ ಲವಣ ಬೆರೆಸಿದರೆ ತವರವು ಆ ಆಮ್ಲಜನಕವನ್ನು ಹಿಡಿಯುತ್ತದೆ. ಇಂಗಾಲ, ಆಮ್ಲಜನಕ, ತವರ ಮೂರೂ ಕೊಂಡಿಯಾಗುತ್ತವೆ. ಕಾಯಿಸಿದಾಗ ಕಣ ಆ ಕೊಂಡಿಯ ಜಾಗದಲ್ಲಿಯೇ ಮೊಳೆತು ಬೆಳೆಯುತ್ತದೆ.

"ಹಂಗಂದ್ರ ಜಿಗಿ ಬರಬೇಕು," ಎಂದರು ನೀಲವ್ವ. ಜೋಳದ ಹಿಟ್ಟಿಗೆ ತಾನಾಗಿ ಅಂಟುಗುಣವಿಲ್ಲ, ಕುದಿಯುವ ನೀರು ಹೊಯ್ದರೆ ಮಾತ್ರ ಬರುತ್ತದೆ, ಅದಕ್ಕೆ ಇಲ್ಲಿ ಜಿಗಿ ಎನ್ನುತ್ತಾರೆ. ಹೌದು ಎಂದೆ. ಅದರಿಂದ ಏನು ಉಪಯೋಗ ಎಂದು ಕೇಳಿದರು. ಕಣ್ಣಿಗೆ ಕಾಣದ, ಮೂಗಿಗೆ ಸಿಗದ ಅನಿಲ ಹತ್ತಿರ ಬಂದರೆ ಈ ಹಾಳೆಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತದೆ, ಕಂಪ್ಯೂಟರಿನಲ್ಲಿ ಗೆರೆ ಮೇಲೇರುತ್ತದೆ, ಅಮೋನಿಯಾದಂಥ ಅನಿಲ ಲವಲೇಶವಿದ್ದರೂ ಗೊತ್ತಾಗುತ್ತದೆ ಎಂದೆ. ನೀಲವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು.

ಸಂಶೋಧನೆಯ ಮಾರ್ಗದರ್ಶಕರು ನನ್ನ ಪಟ್ಟಿಗಳನ್ನು ನಂಬಲಿಲ್ಲ. ಪಟ್ಟಿ ಎಂದರೆ ಉಗುರಗಲದ ಗಾಜಿನ ಮೇಲೆ ಹಾಳೆ ಹಚ್ಚಿ ತಂತಿ ಕೊಟ್ಟ ಸಾಧನ. ಎರಡು ಬಗೆ ಮಾಡಿದ್ದೆ. ತಯಾರಾದ ಕಣಗಳನ್ನು ಹಾಳೆಯ ಜೊತೆ ಸುಮ್ಮನೆ ಬೆರೆಸಿದ್ದು ಒಂದು, ಹಾಳೆಯ ಮೇಲೆಯೇ ಬೆಳೆಸಿದ್ದು ಇನ್ನೊಂದು. ಕಾಲೇಜಿನಲ್ಲಿ ಹತ್ತು ಬಗೆಯ ಆವಿ ಓಡಾಡುತ್ತಿರುವುದರಿಂದ ಗೆರೆ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಶುದ್ಧವಾದ, ಯಾರೂ ಓಡಾಡದ ಜಾಗದಲ್ಲಿ ಕೆಲವು ದಿನ ಇಟ್ಟು ನೋಡಿ ಎಂದರು. ನನಗೆ ನೆನಪಾದದ್ದು ಸದಾ ಬೀಗ ಹಾಕಿರುವ ಹಿಂದಿನ ಖೋಲಿ.

ನೀಲವ್ವ ಬೀಗದ ಕೈ ಕೊಡಲು ಎರಡು ದಿನ ತೆಗೆದುಕೊಂಡರು. ಇಟ್ಟು ಬಂದುಬಿಡಬೇಕು, ಒಳಗೆ ಬಹಳ ಹೊತ್ತು ನಿಲ್ಲಬಾರದು, ಬಾಗಿಲು ಹಾಕಿಕೊಳ್ಳಬಾರದು ಎಂದರು. ಖೋಲಿಯಲ್ಲಿ ಏನೂ ಇರಲಿಲ್ಲ. ಕಲ್ಲು ಚಪ್ಪಡಿಯ ನೆಲ, ಮೇಲೆ ಬೆಳಕಿಗೆ ಒಂದು ಕಿಂಡಿ. ನಡುವಿನ ಒಂದು ಚಪ್ಪಡಿ ಮಾತ್ರ ಉಳಿದವುಗಳಿಗಿಂತ ಹೊಸದಾಗಿತ್ತು. ಎರಡೂ ಬಗೆಯ ಪಟ್ಟಿ ಅಲ್ಲಿಟ್ಟೆ, ಹೋಲಿಕೆಗೆ ಇನ್ನೊಂದು ಜೊತೆ ನನ್ನ ಕೋಣೆಯಲ್ಲಿಟ್ಟೆ.

ವಾರದ ಬಳಿಕ ದಾಖಲೆ ತೆರೆದೆ. ನನ್ನ ಕೋಣೆಯ ಗೆರೆ ಸಪಾಟು. ಹಿಂದಿನ ಖೋಲಿಯ ಗೆರೆ ಮಧ್ಯಾಹ್ನ ಎರಡರ ಮೇಲೆ ನಿಧಾನವಾಗಿ ಏಳುತ್ತಿತ್ತು. ನಾಲ್ಕು ಗಂಟೆಗೆ ತುದಿ ಮುಟ್ಟುತ್ತಿತ್ತು. ಸಂಜೆಯಾಗುತ್ತಿದ್ದಂತೆ ಇಳಿದು ಮಲಗುತ್ತಿತ್ತು. ಬೆಳಗಿನ ಜಾವಕ್ಕೂ ಒಂದು ಸಣ್ಣ ಏರು. ಏಳು ದಿನವೂ ಅಷ್ಟೇ. ಬೀಗ ಹಾಕಿದ ಕೋಣೆಗೆ ಯಾರೋ ದಿನವೂ ಹೊತ್ತಿಗೆ ಸರಿಯಾಗಿ ಬಂದು, ಕೂತು, ಎದ್ದುಹೋದ ಹಾಗೆ.

ಮರುದಿನ ರಜೆ ಹಾಕಿ ಮೂರೂವರೆಗೆ ಆ ಖೋಲಿಗೆ ಹೋದೆ. ಬಿಸಿಲು ಕಿಂಡಿಯಿಂದ ಚೌಕವಾಗಿ ಬಿದ್ದಿತ್ತು. ಶಬ್ದವಿಲ್ಲ, ವಾಸನೆಯಿಲ್ಲ. ಒಂದು ಊದುಬತ್ತಿ ಹಚ್ಚಿ ನೆಲದ ಹತ್ತಿರ ಹಿಡಿದೆ. ಹೊಗೆ ನೆಟ್ಟಗೆ ಏರುತ್ತಿತ್ತು. ಆ ಹೊಸ ಚಪ್ಪಡಿಯ ಸಂದಿನ ಹತ್ತಿರ ಒಯ್ದಾಗ ಅದು ಬಾಗಿತು. ಕೆಳಗಿನಿಂದ ಯಾರೋ ಮೆಲ್ಲಗೆ ಊದಿದಂತೆ, ನನ್ನ ಕಡೆಗೆ ಬಾಗಿತು. ಕೈ ಹಿಂದೆ ತೆಗೆದೆ, ನೆಟ್ಟಗಾಯಿತು. ಮತ್ತೆ ಒಯ್ದೆ, ಬಾಗಿತು. ಎದ್ದು ತಿರುಗಿದರೆ ಬಾಗಿಲಿನ ಹೊಸ್ತಿಲಾಚೆ ನೀಲವ್ವ ಕೂತಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ ಗೊತ್ತಿಲ್ಲ.

"ನಾಲ್ಕಕ್ಕ ಉಸರ ಬಿಡ್ತಾರ," ಎಂದರು. "ನಿಮ್ಮ ಮಶೀನಿಗೂ ಗೊತ್ತಾತಲ್ಲ."

ಯಾರು ಎಂದು ನಾನು ಕೇಳುವ ಮೊದಲೇ ಅವರು ಸೆರಗಿನಿಂದ ಹೊಸ್ತಿಲು ಒರೆಸಿ ಎದ್ದುಹೋದರು.

ಗೆರೆಗಳನ್ನು ನೋಡಿ ಮಾರ್ಗದರ್ಶಕರು ನಕ್ಕರು. ಆ ಖೋಲಿಯ ಕಿಂಡಿಯಿಂದ ಬೀಳುವ ಮಧ್ಯಾಹ್ನದ ಬಿಸಿಲಿಗೆ ನಿಮ್ಮ ಕಣಗಳು ಹಾಳೆಯಿಂದ ಕಳಚಿ ಜಾರುತ್ತಿವೆ, ಅದಕ್ಕೇ ಗೆರೆ ಏರುತ್ತಿದೆ, ಬೆಸುಗೆಯೇ ಆಗಿಲ್ಲ ಎಂದರು. ಅದು ನಿಜವಾಗಿದ್ದರೆ ನನ್ನ ಒಂದು ವರ್ಷದ ಕೆಲಸ ಹೋಯಿತು. ಸುಳ್ಳಾಗಿದ್ದರೆ ನೆಲದ ಕೆಳಗೆ ಏನೋ ಇತ್ತು. ಯಾವುದು ನಿಜವಾಗಲಿ ಎಂದು ಹಾರೈಸಬೇಕೋ ನನಗೆ ತಿಳಿಯಲಿಲ್ಲ.

ಎರಡೂ ಬಗೆಯ ಹಾಳೆಗಳನ್ನು ನೀರಿನಲ್ಲಿಟ್ಟು ಕಿವಿಗೆ ಕೇಳದ ಶಬ್ದದಿಂದ ಒಂದು ತಾಸು ಅಲುಗಾಡಿಸಿದೆ. ಬೆರೆಸಿದ ಹಾಳೆಯ ಕಣಗಳು ಕಳಚಿ ತಳದಲ್ಲಿ ಬಿಳಿಯ ಗಸಿಯಾಗಿ ಕೂತವು. ಬೆಳೆಸಿದ ಹಾಳೆಯ ನೀರು ತಿಳಿಯಾಗಿಯೇ ಉಳಿಯಿತು. ಹಾಳೆಗಳನ್ನು ಧಾರವಾಡಕ್ಕೆ ಒಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸುಕ್ಕುಗಟ್ಟಿದ ಮಸುಕು ಹಾಳೆಯ ಮೇಲೆ ಕಪ್ಪು ಚುಕ್ಕೆಗಳು ಒಂದಕ್ಕೊಂದು ತಾಗದೆ, ಮಡಿಕೆಗಳಲ್ಲಿ, ಹರಿದ ಅಂಚಿನಗುಂಟ, ತಮ್ಮ ತಮ್ಮ ಜಾಗ ಹಿಡಿದು ಕೂತಿದ್ದವು. ಇನ್ನೊಂದು ಪರೀಕ್ಷೆಯಲ್ಲಿ ತವರ, ಆಮ್ಲಜನಕ, ಇಂಗಾಲದ ಕೊಂಡಿಯ ಗುರುತೂ ಸಿಕ್ಕಿತು. ನನ್ನ ಕಣಗಳು ಎಲ್ಲಿಗೂ ಹೋಗಿರಲಿಲ್ಲ.

ಹೊತ್ತಿನ ಲೆಕ್ಕ ಬಿಡಿಸಿದ್ದು ನಮ್ಮ ಭೌತಶಾಸ್ತ್ರ ವಿಭಾಗದ ಗೋಡೆಯ ವಾಯುಭಾರಮಾಪಕ. ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಕುಸಿಯುತ್ತದೆ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಮತ್ತು ಬೆಳಗಿನ ಜಾವಕ್ಕೆ. ನೆಲದಡಿಯಲ್ಲಿ ಟೊಳ್ಳಿದ್ದರೆ ಆ ಹೊತ್ತಿಗೆ ಒಳಗಿನ ಗಾಳಿ ಸಂದಿಯಿಂದ ಹೊರಗೆ ಬರುತ್ತದೆ. ಒತ್ತಡ ಏರಿದಾಗ ಒಳಗೆ ಹೋಗುತ್ತದೆ. ನೀಲವ್ವ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಅಂದು ಬಸ್ಸಿನಲ್ಲಿ ಬರುವಾಗ ವಿಷಯ ತಿಳಿದ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಹಾರೆ, ಹಗ್ಗ ಬಿದ್ದಿದ್ದವು. ನೀಲವ್ವನ ಭಾವನ ಮಗ ಶಿವಾನಂದ ಲಕ್ಷ್ಮೇಶ್ವರದಿಂದ ಬಂದಿದ್ದ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ರೊಟ್ಟಿ ವ್ಯಾಪಾರ ಬೆಳೆದಿದೆ, ಹಿಂದಿನ ಖೋಲಿಯಲ್ಲಿ ಹಿಟ್ಟಿನ ಗಿರಣಿ, ರೊಟ್ಟಿ ಯಂತ್ರ ಕೂರಿಸಬೇಕು, ಅದಕ್ಕೆ ಮೊದಲು ಕೆಳಗಿನ ಹಗೇವು ತೆರೆದು ಗೋಡೆ ಕುಸಿದಿದೆಯೇ ನೋಡಬೇಕು ಎಂದು ತಾನೇ ಇಳಿಯಲು ಸಿದ್ಧನಾಗಿದ್ದ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ದೊಡ್ಡ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು ಅಗಲ. ನಮ್ಮ ಕರಾವಳಿಯಲ್ಲಿ ಎರಡು ಅಡಿ ತೋಡಿದರೆ ನೀರು, ನೆಲದಡಿ ಕಾಳು ಇಡುವುದನ್ನು ಊಹಿಸುವುದೂ ಕಷ್ಟ.

ಇಳಿಯಬೇಡಿ, ಅಲ್ಲಿ ಕೆಟ್ಟ ಗಾಳಿಯಿದೆ ಎಂದೆ. ಜೋಳ ಮಣ್ಣಾಗಿ ಎಷ್ಟೋ ವರ್ಷವಾಯಿತು, ಇನ್ನೆಂಥ ಗಾಳಿ ಎಂದ. ಪಕ್ಕದ ದನದ ಕೊಟ್ಟಿಗೆಯ ಮೋರಿ ಈ ಗೋಡೆಗೇ ತಾಗಿದೆ, ಅದರ ನೀರು ಇಂಗಿ ಒಳಗೆ ಕೊಳೆಯುತ್ತಿರಬಹುದು ಎಂದೆ. ಅವನು ನನ್ನ ಮಾತನ್ನು ಗೌರವದಿಂದಲೇ ಕೇಳಿದ, ಹಗ್ಗ ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ. ಹಗ್ಗದ ಇನ್ನೊಂದು ತುದಿಯನ್ನು ನೀಲವ್ವನ ಕೈಗೆ ಕೊಡಲು ಹೋದ. ಅವರು ಕೈ ಚಾಚಲಿಲ್ಲ.

"ನಾ ಮದಿವ್ಯಾಗಿ ಬಂದು ಎಂಟ ತಿಂಗಳ ಆಗಿತ್ರಿ ಅಕ್ಕೋರ," ಎಂದರು, ಅವನನ್ನು ಬಿಟ್ಟು ನನ್ನನ್ನು ನೋಡುತ್ತ. "ಜ್ವಾಳ ತಗ್ಯಾಕ ಇವರಪ್ಪ ಇಳದ್ರು. ಕೂಗಿದ್ರ ದನಿ ಬರಲಿಲ್ಲ. ಅಣ್ಣಗ ಚಕ್ಕರ ಬಂದೈತಿ ಅಂತ ನಮ್ಮವರೂ ಇಳದ್ರು. ಹಗ್ಗ ನನ್ನ ಕೈಯಾಗ ಇತ್ತು. ಎಳಿ ಅಂತ ಯಾರೂ ಅನ್ನಲಿಲ್ಲ. ನಾ ಹಿಡಕೊಂಡ ನಿಂತಿದ್ದೆ."

ಅಣ್ಣತಮ್ಮ ಇಬ್ಬರೂ ಹೆಣವಾಗಿ ಮೇಲೆ ಬಂದ ಸಂಗತಿ ಶಿವಾನಂದನಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಹಗ್ಗ ಯಾರ ಕೈಯಲ್ಲಿತ್ತು ಎಂಬುದು ಮಾತ್ರ ಅವನಿಗೆ ಅಂದೇ ತಿಳಿದದ್ದು. ಅವನು ಸುತ್ತಿದ ಹಗ್ಗ ಬಿಚ್ಚಲಿಲ್ಲ, ಮುಂದಕ್ಕೆ ಹೆಜ್ಜೆಯೂ ಇಡಲಿಲ್ಲ. ಸರಿ, ಮೊದಲು ನಿಮ್ಮ ಮಶೀನು ಇಳಿಸಿರಿ ಎಂದ.

ಇಬ್ಬರು ಆಳು ಹಾರೆ ಹಾಕಿ ಚಪ್ಪಡಿ ಎತ್ತಿದರು. ಕಟು ವಾಸನೆ ಒಮ್ಮೆ ಮುಖಕ್ಕೆ ಬಡಿದು ಹೋಯಿತು. ಬೆಳೆಸಿದ ಪಟ್ಟಿಯನ್ನು ಉದ್ದನೆಯ ತಂತಿಗೆ ಕಟ್ಟಿ ಇಳಿಬಿಟ್ಟೆ. ಮೊಳದಾಳಕ್ಕೆ ಗೆರೆ ಏರತೊಡಗಿತು, ಎರಡಾಳುದ್ದ ಇಳಿಯುವ ಮೊದಲೇ ಪರದೆಯ ಮೇಲಂಚು ದಾಟಿ ಕಾಣದಾಯಿತು. ಆದರೆ ನನ್ನ ಪಟ್ಟಿಗೆ ಒಂದು ಮಿತಿಯಿತ್ತು. ಅದು ಅಮೋನಿಯಾ ಹೇಳುತ್ತದೆ, ಪ್ರಾಣವಾಯು ಇದೆಯೇ ಇಲ್ಲವೇ ಎಂದು ಹೇಳಲಾರದು. ಅದನ್ನೂ ಅವರಿಗೆ ಹೇಳಿದೆ. ನೀಲವ್ವ ಒಳಗೆ ಹೋಗಿ ಒಂದು ಕಂದೀಲು ಹಚ್ಚಿ ತಂದರು. ವಾಸನೆ ಪೂರಾ ಚದುರುವ ತನಕ ದೂರ ನಿಂತು, ಆಮೇಲೆ ಹಗ್ಗಕ್ಕೆ ಕಟ್ಟಿ ತಾವೇ ಇಳಿಸಿದರು. ಬೆಳಕು ಗುಂಡಿಯ ಗೋಡೆಯ ಮೇಲೆ ಹಳದಿಯಾಗಿ ಸ್ವಲ್ಪ ದೂರ ಹೋಯಿತು. ಒಬ್ಬ ಮನುಷ್ಯನ ಎದೆಮಟ್ಟದ ಆಳದಲ್ಲಿ ಜ್ವಾಲೆ ಸಣ್ಣದಾಯಿತು. ಗಾಳಿ ಬೀಸಿ ಆರಿದಂತಿರಲಿಲ್ಲ, ಯಾರೋ ಎರಡು ಬೆರಳಿನಲ್ಲಿ ಬತ್ತಿ ಹಿಡಿದ ಹಾಗೆ, ಸುಮ್ಮನೆ ಇಲ್ಲವಾಯಿತು.

ಶಿವಾನಂದ ಗುಂಡಿಯ ಬಾಯಿಯನ್ನು ನೋಡಿದ. ಆಮೇಲೆ ಚಿಕ್ಕಮ್ಮನ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ಕಂದೀಲು ಮೇಲೆಳೆದ.

ಯಾರೂ ಇಳಿಯಲಿಲ್ಲ. ಕೊಟ್ಟಿಗೆಯ ಮೋರಿ ಬೇರೆ ಕಡೆ ತಿರುಗಿಸಿ, ಟ್ರ್ಯಾಕ್ಟರಿನಲ್ಲಿ ಗರಸು ತರಿಸಿ, ಅಂದರೆ ಕೆಂಪು ಜಲ್ಲಿಮಣ್ಣು ತರಿಸಿ, ಮೇಲಿನಿಂದಲೇ ಹಗೇವು ತುಂಬಿಸಿದರು. ಮೂರು ದಿನ ಮಣ್ಣು ಬಿದ್ದ ಸದ್ದು ನನ್ನ ಕೋಣೆಯ ನೆಲದಲ್ಲಿ ಕಾಲಿಗೆ ತಿಳಿಯುತ್ತಿತ್ತು. ನೀಲವ್ವ ಆ ಮೂರು ದಿನವೂ ರೊಟ್ಟಿ ಬಡಿಯುವಲ್ಲಿಂದ ಏಳಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದು ನನ್ನ ಬಾಗಿಲಲ್ಲಿ ನಿಂತರು. ಖೋಲಿಯಲ್ಲಿ ಇನ್ನೂ ಪಟ್ಟಿ ಇಟ್ಟಿದ್ದೀರಾ ಎಂದು ಕೇಳಿದರು. ಹೌದು ಎಂದೆ.

"ಏನರ ತೋರಸ್ತೈತೇನ್ರಿ?"

ಗೆರೆ ಸಪಾಟಾಗಿತ್ತು. ಸುಳ್ಳು ಹೇಳಬಹುದೆಂದು ಒಂದು ಕ್ಷಣ ಅನ್ನಿಸಿತು. ಇಲ್ಲ ಎಂದೆ. ಗಾಳಿಯ ಒತ್ತಡದ ವಿಷಯ ಅವರಿಗೆ ಹಿಂದೆಯೇ ವಿವರಿಸಿದ್ದೆ, ಅವರು ಕೇಳಿಸಿಕೊಂಡಿದ್ದರು, ಒಪ್ಪಿಯೂ ಇದ್ದರು. ಈಗ ಗೋಡೆಗೆ ಒರಗಿ, ಎರಡನೆಯ ಸಲ ಹೋದ ಹಾಗಾಯಿತು ಎಂದಷ್ಟೇ ಅಂದರು. ನನ್ನ ಮೇಲೆ ಅವರಿಗೆ ಕೋಪವಿರಲಿಲ್ಲ. ಆ ಸಂಜೆ ನನಗೂ ಸೇರಿಸಿ ಅಡುಗೆ ಮಾಡಿದರು, ಮುಂದೆಯೂ ಮಾಡುತ್ತ ಬಂದರು. ಈಗ ಆ ಖೋಲಿಯಲ್ಲಿ ಗಿರಣಿ ತಿರುಗುತ್ತದೆ. ಬೆಕ್ಕು ಮಾತ್ರ ಇನ್ನೂ ಅಲ್ಲಿಗೆ ಕಾಲಿಡುವುದಿಲ್ಲ.

ಮಳೆಗಾಲದಲ್ಲಿ ಊರಿಗೆ ಹೋದೆ. ದೋಣಿಗಳು ಕಡಲಿಗಿಳಿಯುವ ದಿನ ಹತ್ತಿರವಿತ್ತು, ಬಂದರಿನಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದ ದೋಣಿಗಳ ಮೀನಿನ ಉಗ್ರಾಣಗಳನ್ನು ತೆರೆಯುತ್ತಿದ್ದರು. ಒಂದು ದೋಣಿಯ ತಳದ ಮುಚ್ಚಳ ಎತ್ತುವಾಗ ಎಲ್ಲರೂ ಒಂದು ಮಾತೂ ಆಡದೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಬೀಡಿ ಸೇದುವಷ್ಟು ಹೊತ್ತು ಕಾದರು. ಹುಟ್ಟಿದಾಗಿನಿಂದ ನೋಡಿದ ದೃಶ್ಯ. ಈ ಸಲ ಮಾತ್ರ ನನಗೆ ಅದರ ಅರ್ಥ ಹೊಳೆಯಿತು. ಇಲ್ಲಿ ಯಾರಾದರೂ ಒಳಗಿಳಿದು ಜೀವ ಬಿಟ್ಟದ್ದು ಉಂಟಾ ಎಂದು ಅಪ್ಪಯ್ಯನ ಸ್ನೇಹಿತ ಮಂಜಣ್ಣನನ್ನು ಕೇಳಿದೆ. ಅವನು ಅಪ್ಪಯ್ಯನ ಮುಖ ನೋಡಿದ. ಅಪ್ಪಯ್ಯ ಎಂಜಿನ್ನಿನ ಮೇಲೆ ಬಗ್ಗಿದರು.

"ಅದೆಲ್ಲ ಊರಗ್ ಇಪ್ಪರಿಗ್ ಗೊತ್ತಿತ್ತ್," ಎಂದ ಮಂಜಣ್ಣ, ನಗುತ್ತಲೇ. "ನೀನ್ ನಿಮ್ ಗದಗಿನ್ ಸುದ್ದಿ ಹೇಳ್ ಕಾಂಬ."

ಊರಲ್ಲಿ ಇರುವವರಿಗೆ ಗೊತ್ತಿದೆ, ನೀನು ನಿಮ್ಮ ಗದಗಿನ ಸುದ್ದಿ ಹೇಳು. ಅವನದು ಪ್ರೀತಿಯ ಮಾತೇ. ಆದರೂ ಒದ್ದೆ ಹಗ್ಗಗಳ ನಡುವೆ ನಿಂತು, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿದ ಹೆಂಗಸಿನ ಬೆನ್ನು ಮತ್ತೊಮ್ಮೆ ಕಂಡಂತಾಯಿತು ನನಗೆ.

ಬೆಳೆಸಿದ ಪಟ್ಟಿಯೊಂದನ್ನು ಜೊತೆಗೆ ಒಯ್ದಿದ್ದೆ. ಮೂರು ದಿನ ದೋಣಿಯ ಹತ್ತಿರ ಇಟ್ಟು ನೋಡಿದೆ. ಕಡಲ ತೇವಕ್ಕೆ ಗೆರೆ ಹುಚ್ಚಾಗಿ ಅಲೆಯಿತು. ಕಣದ ಮೇಲೆ ಅನಿಲ ಬಂದು ಕೂರಬೇಕಾದ ಜಾಗವನ್ನೆಲ್ಲ ನೀರಿನ ಅಣುಗಳು ಮೊದಲೇ ಹಿಡಿದುಬಿಡುತ್ತವೆ. ಹೊರಡುವ ಮುನ್ನಾದಿನ ಅಪ್ಪಯ್ಯ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದು, ಇದನ್ನು ದೋಣಿಯಲ್ಲಿ ಬಿಟ್ಟುಹೋಗುತ್ತೀಯಾ ಎಂದು ಕೇಳಿದರು. ಇದು ಇಲ್ಲಿ ಸುಳ್ಳು ಹೇಳುತ್ತದೆ, ನಂಬಿ ಯಾರಾದರೂ ಇಳಿದರೆ ಕಷ್ಟ ಎಂದೆ. ಅವರು ಪಟ್ಟಿಯನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು.

"ಹಾಂಗಾರೆ ಇಲ್ಲಿಗ್ ಆಪುದ್ ಒಂದ್ ಮಾಡ್," ಎಂದರು.

ಇಲ್ಲಿಗೆ ಆಗುವಂಥದ್ದು ಒಂದು ಮಾಡು. ಯಾರನ್ನು ನೆನೆದು ಹಾಗೆಂದರೋ ಅವರು ಹೇಳಲಿಲ್ಲ.

ಈಗ ಗದಗಿನ ನನ್ನ ಮೇಜಿನ ಮೇಲೆ ಎ‌ರಡು ಬಾಟಲಿಗಳಿವೆ. ಒಂದರಲ್ಲಿ ಈ ಸೀಮೆಯ ಹಗೇವುಗಳಿಗಾಗಿ, ಒಣ ಗಾಳಿಗಾಗಿ ಬೆಳೆಸಿದ ಹಾಳೆ. ಇನ್ನೊಂದರಲ್ಲಿ ಕಡಲ ತೇವ ತಡೆಯಬಲ್ಲ ಹಾಳೆಗಾಗಿ ನಡೆಸಿರುವ ಪ್ರಯತ್ನ. ಅದು ಇನ್ನೂ ಸರಿಯಾಗಿಲ್ಲ. ಮೊನ್ನೆ ಬಸಪ್ಪ ಮೇಜು ಒರೆಸುವಾಗ ಬಾಟಲಿಗಳ ಮೇಲಿನ ಚೀಟಿ ಓದಿದ. ನನಗೇ ಅರಿವಿಲ್ಲದೆ ಎರಡರ ಮೇಲೂ 'ಊರಿಗೆ' ಎಂದು ಬರೆದಿದ್ದೆ.

"ಯಾವ ಊರಿಗ್ರಿ ಇದು?" ಎಂದು ಒಂದನ್ನು ಎತ್ತಿ ಹಿಡಿದ.

ಎರಡರಲ್ಲೂ ಹಾಳೆಗಳು ಬೆರೆತ, ಒಂದೇ ಬಣ್ಣದ ಕಪ್ಪು ದ್ರವ. ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ನೋಡಿದ ಮೇಲೂ ಯಾವುದು ಯಾವ ಊರಿನದೆಂದು ನನಗೇ ಗುರುತು ಸಿಗಲಿಲ್ಲ.